ನೊರೆಯಿಲ್ಲದ ಕ್ಷೌರ: ಒಂದು ಕಲ್ಲಿನ ಸಾಕ್ಷ್ಯ

ವಿಜಯನಗರದ ಸದಾಶಿವರಾಯನ ಆಳ್ವಿಕೆಯ (1542–1570) ಶಾಸನಗಳಲ್ಲಿ ಒಂದು ಗುಂಪು ತನ್ನ ವಸ್ತುವಿನಿಂದಲೇ ವಿಶಿಷ್ಟವಾದುದು. ಬಾದಾಮಿಯ ಕೊಂಡೋಜನೆಂಬ ನಾವಿದನ ಕೆಲಸಕ್ಕೆ ಅಳಿಯ ರಾಮರಾಯನು ಮೆಚ್ಚಿದನು. ಆ ಮೆಚ್ಚುಗೆಯ ಫಲವಾಗಿ ನಾವಿದರ ಮೇಲಿದ್ದ ತೆರಿಗೆಯೂ ಬಿಟ್ಟಿಯೂ ರದ್ದಾದವು. ಈ ವಿನಾಯಿತಿಯನ್ನು ಹೇಳುವ ಶಾಸನಗಳು ಬಾದಾಮಿಯಲ್ಲಷ್ಟೇ ಅಲ್ಲ, ಸಾಮ್ರಾಜ್ಯದ ಬೇರೆ ಬೇರೆ ಸೀಮೆಗಳಲ್ಲಿಯೂ ದೊರೆತಿವೆ. ಅರಸು ಮನೆತನಗಳ ಲಾಂಛನಗಳಿಗೆ ಮೀಸಲೆಂಬಂತಿರುವ ಶಾಸನದ ನೆತ್ತಿಯ ಮೇಲೆ, ಬಾದಾಮಿಯ ಕಲ್ಲಿನಲ್ಲಿ, ಕ್ಷೌರದ ಕತ್ತಿ, ಅದನ್ನು ಹದಗೊಳಿಸುವ ಪಟ್ಟಿ, ಕೈಗನ್ನಡಿ ಮತ್ತು ಕತ್ತರಿಗಳು ಕೆತ್ತಲ್ಪಟ್ಟಿವೆ.

ಈ ನಾಲ್ಕು ಸಾಧನಗಳ ನಡುವೆ ಇಂದಿನ ಕಣ್ಣಿಗೆ ಒಂದು ಕೊರತೆ ಕಾಣುತ್ತದೆ. ನೊರೆ ತೆಗೆಯುವ ಕುಂಚವಿಲ್ಲ, ಸಾಬೂನಿನ ಬಟ್ಟಲಿಲ್ಲ. ಶಿಲ್ಪಿಯ ಉದ್ದೇಶ ವೃತ್ತಿಯ ಗುರುತನ್ನು ತೋರಿಸುವುದೇ ಹೊರತು ಪೆಟ್ಟಿಗೆಯ ಲೆಕ್ಕ ಒಪ್ಪಿಸುವುದಲ್ಲ ಎಂಬುದು ನಿಜ. ನೀರಿನ ಪಾತ್ರೆಯೂ ಆ ಕಲ್ಲಿನಲ್ಲಿಲ್ಲ. ಆದರೆ ನೀರಿಲ್ಲದೆ ಕೊಂಡೋಜನು ಕೆಲಸ ಮಾಡಿದನೆಂದು ಯಾರೂ ಹೇಳಲಾರರು. ಆದ್ದರಿಂದ ಕಲ್ಲಿನ ಮೌನವೊಂದನ್ನೇ ಪ್ರಮಾಣವೆನ್ನುವುದು ಸಾಧುವಲ್ಲ. ಆ ಮೌನವನ್ನು ಗ್ರಂಥಗಳ ಮಾತಿನೊಡನೆ ಇಟ್ಟು ನೋಡಬೇಕು.

ಗ್ರಂಥಗಳ ಮಾತು ಸ್ಪಷ್ಟವಾಗಿದೆ. ಅಥರ್ವವೇದದ ಆರನೆಯ ಕಾಂಡದ 68ನೆಯ ಸೂಕ್ತವು ಕ್ಷೌರಕ್ಕೆ ಸಂಬಂಧಿಸಿದುದು. ಅಲ್ಲಿ ಕತ್ತಿಯನ್ನು ಹಿಡಿದು ಬರುವವನು ಸವಿತೃ. ಬಿಸಿನೀರನ್ನು ತರಬೇಕಾದವನು ವಾಯು. ಆಶ್ವಲಾಯನ ಗೃಹ್ಯಸೂತ್ರದ ಚೌಲವಿಧಿಯಲ್ಲಿ ತಣ್ಣೀರು ಬಿಸಿನೀರುಗಳನ್ನು ಬೆರೆಸಿ, ನವನೀತವನ್ನು, ಅದಿಲ್ಲವಾದರೆ ಮೊಸರಿನ ಹನಿಗಳನ್ನು ಸೇರಿಸಿ ಮಗುವಿನ ತಲೆಯನ್ನು ನೆನೆಸಬೇಕೆಂದಿದೆ. ಹದಿನಾರನೆಯ ವಯಸ್ಸಿನ ಗೋದಾನ ಸಂಸ್ಕಾರದಲ್ಲಿ ಇದೇ ವಿಧಿ ಗಡ್ಡಕ್ಕೂ ಅನ್ವಯಿಸುತ್ತದೆ. ಬೌದ್ಧರ ವಿನಯಪಿಟಕದ ಚುಲ್ಲವಗ್ಗವು ಭಿಕ್ಷುಗಳಿಗೆ ಅನುಮತಿಸುವ ಕ್ಷೌರಸಾಮಗ್ರಿಯಲ್ಲಿ ಕತ್ತಿ, ಸಾಣೆಕಲ್ಲು, ಕತ್ತಿಯ ಒರೆ ಮತ್ತು ಕಂಬಳಿಯ ತುಂಡುಗಳ ಹೆಸರಿವೆ. ನೀರು, ಹೆಚ್ಚೆಂದರೆ ಒಂದಿಷ್ಟು ಬೆಣ್ಣೆ: ಸಿದ್ಧತೆಯೆಂಬುದು ಇಷ್ಟೇ.

ನೊರೆಯ ಅರಿವೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಅಂಟುವಾಳ, ಸೀಗೆಕಾಯಿಗಳ ನೊರೆ ಈ ನಾಡಿಗೆ ಹಳೆಯದು. ವಾತ್ಸ್ಯಾಯನನ ಕಾಮಸೂತ್ರದ ನಾಗರಕನ ದಿನಚರಿಯಲ್ಲಿ ಸ್ನಾನ ನಿತ್ಯದ್ದು. ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ. ನೊರೆಯ ಸಾಧನವಾದ ಫೇನಕ ಮೂರು ದಿನಕ್ಕೊಮ್ಮೆ. ‘ಆಯುಷ್ಯ’ವೆಂಬ ಹೆಸರಿನ ಕ್ಷೌರ ನಾಲ್ಕು ದಿನಕ್ಕೊಮ್ಮೆ. ನೊರೆಗೂ ಕ್ಷೌರಕ್ಕೂ ಬೇರೆ ಬೇರೆ ಲೆಕ್ಕವಿರುವುದು ಇಲ್ಲಿ ಗಮನಾರ್ಹ. ಎರಡೂ ಗೊತ್ತಿದ್ದವು, ಒಂದು ಇನ್ನೊಂದಕ್ಕೆ ಅನಿವಾರ್ಯವೆಂಬ ಭಾವನೆ ಇರಲಿಲ್ಲ. ‘ಸಾಬೂನು’ ಎಂಬ ಪದವೇ ಹೊರಗಿನಿಂದ ಬಂದುದೆಂಬುದನ್ನೂ ಇದರೊಡನೆ ನೆನೆಯಬಹುದು.

ಹಾಗಾದರೆ ನೊರೆಯ ಕೆಲಸವನ್ನು ಯಾವುದು ಮಾಡುತ್ತಿತ್ತು? ನೊರೆ ಮಾಡುವುದು ಮುಖ್ಯವಾಗಿ ಎರಡು ಕೆಲಸ: ಕೂದಲಿನ ಬಳಿ ನೀರನ್ನು ಹಿಡಿದಿಡುತ್ತದೆ; ಅಲಗು ಚರ್ಮದ ಮೇಲೆ ಜಾರುವಂತೆ ಮಾಡುತ್ತದೆ. ಕೂದಲನ್ನು ಮೆತುಗೊಳಿಸುವುದು ನೀರೇ ಹೊರತು ನೊರೆಯಲ್ಲ. ಒಣಗಿದ ಕೂದಲು ಅಲಗಿಗೆ ಸುಲಭವಾಗಿ ಮಣಿಯದು. ಕೆಲವು ನಿಮಿಷ ನೆನೆದರೆ ಉಬ್ಬಿ ಮೆತುವಾಗುತ್ತದೆ. ಹಳೆಯ ಕ್ಷೌರಿಕರು ಬೆರಳುಗಳನ್ನು ನೀರಿನಲ್ಲಿ ಅದ್ದಿ ಗಲ್ಲವನ್ನು ಬಹಳ ಹೊತ್ತು ನಾದುತ್ತಿದ್ದುದು ಇದಕ್ಕಾಗಿಯೇ. ನೋಡುವವರಿಗೆ ಅದು ಮಾತಿನ ಹೊತ್ತು. ಊರ ಸುದ್ದಿಯೆಲ್ಲ ಆಗಲೇ ಹರಿಯುತ್ತಿದ್ದುದು. ವಾಸ್ತವದಲ್ಲಿ ಅದೇ ಸಿದ್ಧತೆ. ಉಳಿದುದು ಕೈಚಳಕ: ಎಡಗೈ ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದು, ಕತ್ತಿಯನ್ನು ತೀರ ಮಲಗಿಸದೆ ತೀರ ನಿಲ್ಲಿಸದೆ ಓರೆಯಾಗಿ ನಡೆಸುವುದು, ಕೂದಲು ಬೆಳೆದ ದಿಕ್ಕನ್ನು ಬೆರಳಿನಿಂದಲೇ ಅರಿಯುವುದು, ಅಲಗನ್ನು ಕಲ್ಲಿನ ಮೇಲೆ ಮಸೆದು ಚಕ್ಕಳದ ಮೇಲೋ ಅಂಗೈಯ ಮೇಲೋ ಎಳೆದು ಹದಕ್ಕೆ ತರುವುದು. ನೊರೆಯಿದ್ದಲ್ಲಿ ಮೊಂಡಾದ ಅಲಗಿನ ತಪ್ಪು ಸ್ವಲ್ಪಮಟ್ಟಿಗೆ ಮುಚ್ಚಿಹೋಗುತ್ತದೆ. ಬರಿಯ ನೀರಿನಲ್ಲಿ ಯಾವ ತಪ್ಪೂ ಮುಚ್ಚದು. ಗಲ್ಲದ ಮೇಲಿನ ಉರಿ ಅದನ್ನು ಹೇಳಿಬಿಡುತ್ತದೆ. ಬಾದಾಮಿಯ ಕಲ್ಲಿನಲ್ಲಿ ಕತ್ತಿಯ ಪಕ್ಕದಲ್ಲೇ ಅದನ್ನು ಹದಗೊಳಿಸುವ ಸಾಧನಕ್ಕೂ ಸ್ಥಾನ ದೊರೆತಿರುವುದು ಆಕಸ್ಮಿಕವಲ್ಲ.

ಸಿದ್ಧತೆ ಕಡಿಮೆಯಾದಷ್ಟೂ ಒಂದು ತುದಿ ಎದುರಾಗುತ್ತದೆ, ಅದು ಕೇಶಲೋಚ. ದಿಗಂಬರ ಮುನಿಗೆ ಕತ್ತಿಯೂ ಸಲ್ಲದು, ಕತ್ತರಿಯೂ ಸಲ್ಲದು. ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ಕೃಷ್ಟ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ ಎಂದು ಕಾಲನಿಯಮವುಂಟು. ಅಲ್ಲಿ ಬಳಸುವ ವಸ್ತು ಬೂದಿ. ನೊರೆಯು ಜಾರಿಸಿದರೆ ಬೂದಿಯು ಬೆರಳಿಗೆ ಹಿಡಿತ ಕೊಡುತ್ತದೆ. ಎರಡರ ಗುಣವೂ ಪರಸ್ಪರ ವಿರುದ್ಧ. ಶ್ವೇತಾಂಬರರ ಕಲ್ಪಸೂತ್ರವು ಕತ್ತಿಯಿಂದ ಮುಂಡನ ಮಾಡಿಸಿಕೊಳ್ಳುವುದನ್ನೂ ಲೋಚವನ್ನೂ ಎರಡನ್ನೂ ಹೆಸರಿಸುತ್ತದೆ. ದಿಗಂಬರ ಪರಂಪರೆಯಲ್ಲಿ ಕ್ಷುಲ್ಲಕರಿಗೆ ಕ್ಷೌರದ ಅವಕಾಶವಿದ್ದು, ಐಲಕರಿಂದ ಮೇಲಕ್ಕೆ ಲೋಚವೇ ವಿಧಿ. ಇದನ್ನು ದೇಹದಂಡನೆಯೆಂದಷ್ಟೇ ಗ್ರಹಿಸುವುದು ಅರ್ಧ ಗ್ರಹಿಕೆ. ಆಚಾರ್ಯರು ಕೊಡುವ ಕಾರಣಗಳಲ್ಲಿ ಅಯಾಚಕತೆ ಮುಖ್ಯವಾದುದು: ಕತ್ತಿ ಬೇಕೆಂದರೆ ಪರಿಗ್ರಹ, ಕ್ಷೌರಿಕ ಬೇಕೆಂದರೆ ಯಾಚನೆ, ಕೂಲಿಗೆ ಹಣ. ಒಬ್ಬನ ಮುಖವು ಇನ್ನೊಬ್ಬನ ಕೈಗೆ ಎಷ್ಟು ಋಣಿಯಾಗಿದೆಯೆಂಬುದನ್ನು ಈ ನಿಯಮವು ತಿರುವುಮುರುವಾಗಿ ಒಪ್ಪಿಕೊಳ್ಳುತ್ತದೆ.

ಆ ಋಣವನ್ನು ಗೃಹಸ್ಥಸಮಾಜವು ತೀರಿಸಿದ ಬಗೆ ಮಾತ್ರ ಹೆಮ್ಮೆಪಡುವಂತಹುದಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ನಾಯಿಂದನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಬರುವ ಧಾನ್ಯವೇ ಅವನ ಕೂಲಿ. ಗಂಟಲಿನ ಮೇಲೆ ಹರಿತವಾದ ಅಲಗನ್ನಿಡಲು ಊರೆಲ್ಲ ಅವನನ್ನು ನಂಬಿತು. ಆದರೆ ಅವನು ಮುಟ್ಟಿದ ಮೇಲೆ ಸ್ನಾನ ಮಾಡದೆ ಒಳಗೆ ಬರಬಾರದೆಂದಿತು. ಕ್ಷೌರ ನಡೆಯುತ್ತಿದ್ದುದು ಹಿತ್ತಿಲಲ್ಲಿ, ಜಗುಲಿಯ ಆಚೆ, ಮರದಡಿಯಲ್ಲಿ. ವೃತ್ತಿಯ ಹೆಸರುಗಳೇ ಬೈಗುಳಗಳಾದವು. ನಂಬಿಕೆಯೂ ಅಸ್ಪೃಶ್ಯತೆಯೂ ಒಂದೇ ಕೈಯ ಮೇಲೆ ಒಟ್ಟಿಗೆ ನೆಲೆಸಿದ ವಿಪರ್ಯಾಸವಿದು.

ಈ ವಿಪರ್ಯಾಸ ತಟ್ಟಿದವರಲ್ಲಿ ಗಾಂಧೀಜಿಯೂ ಒಬ್ಬರು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲನ್ನು ಕತ್ತರಿಸಲು ನಿರಾಕರಿಸಿದ. ಅವರು ಯಂತ್ರವೊಂದನ್ನು ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಹಿಂದಲೆ ಹಾಳಾಗಿ ನ್ಯಾಯಾಲಯದ ಗೆಳೆಯರು ನಕ್ಕರು. ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಗಾಂಧೀಜಿ ಆ ಕ್ಷೌರಿಕನನ್ನು ದೂರುವುದಿಲ್ಲ. ನಮ್ಮ ಕ್ಷೌರಿಕರು ಅಸ್ಪೃಶ್ಯ ಬಂಧುಗಳ ಸೇವೆ ಮಾಡಲು ನಾವು ಬಿಡುತ್ತೇವೆಯೇ ಎಂದು ತಮ್ಮ ಸಮಾಜದ ಕಡೆಗೇ ತಿರುಗುತ್ತಾರೆ. ಕ್ಷೌರಿಕನನ್ನು ಕೀಳೆಂದ ಸಮಾಜವೇ ಅವನ ಕತ್ತಿಯನ್ನು ಇನ್ನೂ ಕೆಲವರಿಗೆ ಎಟುಕದಂತೆ ಇಟ್ಟಿತ್ತು.

ಮುಂದಿನ ಬದಲಾವಣೆ ಬಂದದ್ದು ಕಬ್ಬಿಣದಿಂದ. 1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದ. ಮಸೆಯಬೇಕಾಗಿಲ್ಲದ ಬ್ಲೇಡು ಕ್ರಮೇಣ ಮನೆಮನೆಗೆ ಬಂದು ದಿನನಿತ್ಯದ ಕ್ಷೌರವು ಸ್ವಂತ ಕೈಯ ಕೆಲಸವಾಯಿತು; ಅದರೊಡನೆ ಸಾಬೂನಿನ ಬಟ್ಟಲೂ ಕುಂಚವೂ ಬಂದವು. ಅಂಗಡಿಯ ಕತ್ತಿಯೂ ಬದಲಾಯಿತು. ರಕ್ತದಿಂದ ಹರಡುವ ರೋಗಗಳ ಭಯದಿಂದ ಹಳೆಯ ಅಲಗು ಹೋಗಿ, ಪ್ರತಿಯೊಬ್ಬರಿಗೂ ಹೊಸದಾಗಿ ಸಿಕ್ಕಿಸುವ ಅರ್ಧ ಬ್ಲೇಡು ಬಂದಿತು. ಇದು ಸರಿಯಾದ ಬದಲಾವಣೆಯೇ. ಸಾಣೆಕಲ್ಲು ಮತ್ತು ಚಕ್ಕಳದ ಪಟ್ಟಿ ಮಾತ್ರ ಕೈಬಿಟ್ಟುಹೋದವು. ಅವುಗಳೊಡನೆ ಅಲಗಿನ ಹದವನ್ನು ಬೆರಳ ತುದಿಯಲ್ಲಿ ಅಳೆಯುವ ವಿದ್ಯೆಯೂ ಹೋಯಿತು.

ಇಂದು ಕರ್ನಾಟಕದಲ್ಲಿ ಈ ವೃತ್ತಿಯವರ ಸಂಘಟನೆಗೆ ಸವಿತಾ ಸಮಾಜವೆಂದು ಹೆಸರು. ಅಥರ್ವವೇದದ ಸೂಕ್ತದಲ್ಲಿ ಕತ್ತಿ ಹಿಡಿದು ಬಂದವನ ಹೆಸರೂ ಅದೇ. ದೇವತೆಯ ಕೈಯಲ್ಲಿದ್ದಾಗ ಪವಿತ್ರವಾಗಿದ್ದ ಕತ್ತಿ ಮನುಷ್ಯನ ಕೈಗೆ ಬಂದಾಗ ಮೈಲಿಗೆಯಾದುದು ಹೇಗೆಂಬ ಪ್ರಶ್ನೆಗೆ ಯಾವ ಸ್ಮೃತಿಯೂ ತೃಪ್ತಿಕರವಾದ ಉತ್ತರ ಕೊಡದು. ರಾಮರಾಯನು ತೆರಿಗೆಯನ್ನು ಬಿಟ್ಟನು; ಸಮಾಜವು ತನ್ನ ತಿರಸ್ಕಾರವನ್ನು ಬಿಡಲಿಲ್ಲ. ಆದರೂ ಬಾದಾಮಿಯ ಶಾಸನದ ನೆತ್ತಿಯಲ್ಲಿ ಆ ಕತ್ತಿ ಇಂದಿಗೂ ಇದೆ. ಹಿತ್ತಿಲಲ್ಲಿ ಕುಳ್ಳಿರಿಸಿದವನ ಸಾಧನಗಳನ್ನು ಒಮ್ಮೆಯಾದರೂ ಅರಸನ ಶಾಸನದ ತಲೆಯ ಮೇಲಿಟ್ಟ ನಾಡು ಇದೆಂಬುದನ್ನು ಮರೆಯಲಾಗದು.