ಉದ್ಘಾಟನೆಗೂ ಮುಂಚಿನ ಓಟ

ಏಪ್ರಿಲ್ 16 ಬಂತೆಂದರೆ ಮುಂಬಯಿವಾಸಿಗಳಾದ ನಾವು 1853ರ ಒಂದು ಮಧ್ಯಾಹ್ನವನ್ನು ನೆನೆಯುತ್ತೇವೆ. 14 ಗಾಡಿಗಳು, ಸುಮಾರು 400 ಅತಿಥಿಗಳು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು, 21 ತೋಪುಗಳ ವಂದನೆ. ಬೋರಿಬಂದರಿನಿಂದ ಠಾಣೆಯವರೆಗಿನ ಆ 34 ಕಿಲೋಮೀಟರ್ ಪಯಣದ ಕಥೆಯನ್ನು ಪಠ್ಯಪುಸ್ತಕಗಳಲ್ಲಿಯೇ ಓದಿದ್ದೇವೆ. ಆದರೆ ಆ ಹಳಿಯ ಮೇಲೆ ಗಾಲಿ ಉರುಳಿದ್ದು ಅಂದೇ ಮೊದಲಲ್ಲ.

ಮಕ್ಕಳಿಗಾಗಿ ಮೇಜಿನ ಮೇಲೆ ಪುಟ್ಟ ರೈಲುಹಾದಿ ಜೋಡಿಸಿದವರಿಗೆ ಇದರ ಮರ್ಮ ತಿಳಿದಿರುತ್ತದೆ. ಎಂಜಿನ್ ಓಡಿಸುವ ಮುನ್ನ ಖಾಲಿ ಡಬ್ಬಿಯೊಂದನ್ನು ಬೆರಳಿನಿಂದ ನೂಕಿ ನೋಡುತ್ತೇವೆ. ಎರಡು ಹಳಿಗಳು ಕೂಡುವಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಗಾಲಿ ಅಲ್ಲಿಯೇ ಮುಗ್ಗರಿಸುತ್ತದೆ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯೂ ಹೀಗೆಯೇ ನಡೆದುಕೊಂಡಿತು. 1850ರ ಅಕ್ಟೋಬರ್ 31ರಂದು ಸಾಯನ್‌ನಲ್ಲಿ ಮೊದಲ ಹಿಡಿ ಮಣ್ಣು ಅಗೆಯಲಾಯಿತು. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಹಳಿಗಳ ನಡುವಿನ ಅಂತರ ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. 1852ರ ಫೆಬ್ರವರಿಯಲ್ಲಿ ಬೈಕಲಾದ ಬಳಿ ಗವರ್ನರ್ ಫಾಕ್‌ಲಂಡ್‌ರ ಹೆಸರು ಹೊತ್ತ ಎಂಜಿನ್ ಓಡತೊಡಗಿದಾಗ ಅದನ್ನು ನೋಡಲು ಜನ ಮುಗಿಬಿದ್ದರು. ಅದೇ ವರ್ಷದ ನವೆಂಬರ್ 18ರಂದು ಕಂಪನಿಯ ನಿರ್ದೇಶಕರು ಠಾಣೆಯವರೆಗೆ ಪ್ರಯೋಗಾರ್ಥ ಪ್ರಯಾಣ ಮಾಡಿದರು.

ಈ ಎರಡು ತಾರೀಖುಗಳ ನಡುವೆ ಎರಡು ಮಳೆಗಾಲಗಳು ಕಳೆದಿದ್ದವು ಎಂಬುದನ್ನು ಗಮನಿಸಬೇಕು. ಸಾಯನ್‌ನ ಜೌಗು ನೆಲದ ಮೇಲೆ ಏರಿ ಕಟ್ಟಿದ್ದರು. ಹೊಸ ಮಣ್ಣು ನೀರು ಕುಡಿದರೆ ಕುಸಿಯುತ್ತದೆ. ಒಂದು ಬದಿ ತುಸು ತಗ್ಗಿದರೂ ಹಳಿ ವಾಲುತ್ತದೆ. ನಿರ್ದೇಶಕರು ಬರುವ ಮೊದಲೇ ಮುಂಬಯಿಯ ಮಳೆ ಆ ಏರಿಯನ್ನು ಪರೀಕ್ಷಿಸಿತ್ತು. ಮಣ್ಣು ಹೊತ್ತು ಏರಿ ಕಟ್ಟಿದ ಸಾವಿರಾರು ಕೂಲಿಗಳ ಹೆಸರು ಮಾತ್ರ ನಮಗೆ ದಕ್ಕಿಲ್ಲ. ಎಂಜಿನುಗಳ ಹೆಸರು ನಾಲಗೆಯ ತುದಿಯಲ್ಲಿದೆ, ಮನುಷ್ಯರದು ಇಲ್ಲ.

ಮಳೆಯ ಪರೀಕ್ಷೆ ಇನ್ನೂ ಮುಗಿದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಹಳಿಗಳು ಮುಳುಗಿ, ಲೋಕಲ್‌ಗಳು ನಿಂತುಹೋದವು. ಅಂದು ಮನೆ ಸೇರಲಾಗದೆ ಉಳಿದವರಲ್ಲಿ ನಮ್ಮ ಕನ್ನಡಿಗರೂ ಬಹಳ ಮಂದಿ. ಇಂದಿಗೂ ಸಾಯನ್, ಕುರ್ಲಾಗಳ ತಗ್ಗಿನಲ್ಲಿ ನೀರು ನಿಂತರೆ ಊರಿಗೆ ಊರೇ ಗಡಿಯಾರ ನೋಡತೊಡಗುತ್ತದೆ. ನೀರು ಇಳಿದ ಮೇಲೆ ಯಾರೋ ಗ್ಯಾಂಗ್‌ಮನ್‌ಗಳು ಹಳಿಯ ಗುಂಟ ನಡೆದು, ಏರಿ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಆಮೇಲಷ್ಟೇ ನಾವು ಗಾಡಿ ಹತ್ತುತ್ತೇವೆ. ಏಪ್ರಿಲ್ 16ರ ನೆನಪಿನಲ್ಲಿ ಅವರಿಗೂ ಒಂದಿಷ್ಟು ಜಾಗವಿರಲಿ.