ಮನೆಯಲ್ಲೇ ಕಟ್ಟಿದ ವಿಮಾನ: ಒಂದು ಹಕ್ಕಿನ ಚರಿತ್ರೆ

ವಿಮಾನವನ್ನು ಮನೆಯಲ್ಲಿ ಕಟ್ಟುವ ರೂಢಿ ವಿಮಾನದ ಕಾರ್ಖಾನೆಗಳಿಗಿಂತ ಹಳೆಯದು. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಸಮೀಪದ ಮರಳುದಿಬ್ಬಗಳ ಬಳಿ ನೆಲ ಬಿಟ್ಟೆದ್ದ ರೈಟ್ ಸಹೋದರರ ಯಂತ್ರ ರೂಪು ತಾಳಿದ್ದು ಡೇಟನ್ ಪಟ್ಟಣದ ಅವರ ಸೈಕಲ್ ಅಂಗಡಿಯಲ್ಲಿ. ಅದಾದ ಕೆಲವು ವರ್ಷಗಳವರೆಗೂ ವಿಮಾನ ಬೇಕೆಂದವನು ಅದನ್ನು ತಾನೇ ಕಟ್ಟಿಕೊಳ್ಳಬೇಕಿತ್ತು, ಏಕೆಂದರೆ ಅಂಗಡಿಗೆ ಹೋಗಿ ಕೊಳ್ಳಬಹುದಾದ ವಿಮಾನವೇ ಇರಲಿಲ್ಲ. ಕಾರ್ಖಾನೆಗಳು ತಲೆಯೆತ್ತಿ, ಅವುಗಳ ಬೆನ್ನಿಗೇ ಪರವಾನಗಿ ಮತ್ತು ತಪಾಸಣೆಯ ಕಾನೂನುಗಳು ಬಂದ ಮೇಲೆ ಆ ಹಳೆಯ ಹಕ್ಕು ಯಾರ ಕೈಯಲ್ಲಿ, ಯಾವ ಷರತ್ತಿನ ಮೇಲೆ ಉಳಿಯಿತು ಎಂಬುದೇ ಗೃಹನಿರ್ಮಿತ ವಿಮಾನದ ಚರಿತ್ರೆಯ ತಿರುಳು.

ತನ್ನ ವಿಮಾನದ ವಿನ್ಯಾಸವನ್ನು ಪರರ ಕೈಗೆ ಮನಃಪೂರ್ವಕವಾಗಿ ಒಪ್ಪಿಸಿದವರಲ್ಲಿ ಮೊದಲು ನೆನೆಯಬೇಕಾದವನು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರೆಜಿಲ್ ದೇಶದ ಆಲ್ಬೆರ್ಟೊ ಸಾಂತೊಸ್-ದುಮೊಂತ್. 1907ರಿಂದ 1909ರ ನಡುವೆ ಆತ ರೂಪಿಸಿದ ಡೆಮ್ವಾಝೆಲ್ ಎಂಬ ಪುಟ್ಟ ವಿಮಾನದ ಒಡಲು ಬಿದಿರಿನದು, ರೆಕ್ಕೆಯ ಹೊದಿಕೆ ರೇಷ್ಮೆಯದು. ಅದಕ್ಕೆ ಪೇಟೆಂಟ್ ಪಡೆಯದೆ ನಕ್ಷೆಗಳನ್ನು ಕೇಳಿದವರಿಗೆ ಮುಕ್ತವಾಗಿ ಬಿಟ್ಟುಕೊಟ್ಟದ್ದರಿಂದ 1910ರಲ್ಲಿ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ ಅವುಗಳನ್ನು ಅಚ್ಚುಹಾಕಿತು. ರೈಟ್ ಸಹೋದರರು ತಮ್ಮ ಪೇಟೆಂಟುಗಳಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡುತ್ತಿದ್ದ ಕಾಲದಲ್ಲಿ ನಡೆದ ಈ ಔದಾರ್ಯಕ್ಕೆ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ನಕ್ಷೆ ಮಾತ್ರ ಕೈಯಲ್ಲಿದ್ದವನು ಮರ, ಬಟ್ಟೆ, ತಂತಿ, ಮೊಳೆಗಳನ್ನೆಲ್ಲ ತಾನೇ ಹುಡುಕಿ ತರಬೇಕು. ಆ ಸಾಮಗ್ರಿಯನ್ನು ಒಬ್ಬ ಮಾರಾಟಗಾರ ಅಳತೆಗೆ ಹೊಂದಿಸಿ, ಕೆಲವು ಭಾಗಗಳನ್ನು ಮೊದಲೇ ರೂಪಿಸಿ, ಸೂಚನಾಪುಸ್ತಕದ ಸಮೇತ ಪೆಟ್ಟಿಗೆಯಲ್ಲಿ ಕಳಿಸಿದರೆ ಅದು ಕಿಟ್ ಎನಿಸಿಕೊಳ್ಳುತ್ತದೆ. ಈ ವ್ಯಾಪಾರವನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವನು ಷಿಕಾಗೋದ ಎಡ್ವರ್ಡ್ ಹೀತ್. 1920ರ ದಶಕದ ಕೊನೆಯಲ್ಲಿ ಅವನ ಕಂಪನಿ ಮಾರುತ್ತಿದ್ದ ಹೀತ್ ಪ್ಯಾರಸೋಲ್ ಎಂಬ ಒಂಟಿ ಆಸನದ ವಿಮಾನವು ಹೆಂಡರ್ಸನ್ ಮೋಟಾರ್‌ಸೈಕಲ್ಲಿನ ಎಂಜಿನ್ನಿನಿಂದ ಹಾರುತ್ತಿತ್ತು. ಇಡೀ ಕಿಟ್ಟನ್ನು ಒಮ್ಮೆಗೇ ಕೊಳ್ಳಲಾಗದವರು ಕೈಯಲ್ಲಿ ಹಣ ಆಡಿದಂತೆ ಒಂದೊಂದೇ ಕಂತನ್ನು ತರಿಸಿಕೊಳ್ಳಬಹುದಿತ್ತು. ಸಂಬಳದ ಮೇಲೆ ಬದುಕುವ ಮನುಷ್ಯನಿಗೆ ಆಕಾಶದ ಬಾಗಿಲು ತೆರೆದದ್ದು ರೆಕ್ಕೆಯ ಹೊಸ ವಿನ್ಯಾಸಕ್ಕಿಂತ ಹೆಚ್ಚಾಗಿ ಈ ಕಂತಿನ ಏರ್ಪಾಡು. ಹೀತ್ 1931ರಲ್ಲಿ ಹಾರಾಟದ ಅಪಘಾತದಲ್ಲಿ ತೀರಿಕೊಂಡ. ಕೈ ಬದಲಾದ ಅವನ ಕಂಪನಿಯೇ ಎರಡನೆಯ ಮಹಾಯುದ್ಧದ ನಂತರ, ಮನೆಯಲ್ಲಿ ಜೋಡಿಸಿಕೊಳ್ಳುವ ರೇಡಿಯೊ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಹೀತ್‌ಕಿಟ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಹೀತ್ ತನ್ನ ಕಿಟ್ಟುಗಳನ್ನು ಮಾರುತ್ತಿದ್ದ ಕಾಲದಲ್ಲೇ ಮಿನೆಸೋಟದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ಸುಮಾರು 40 ಅಶ್ವಶಕ್ತಿಯ ಎಂಜಿನ್ನನ್ನು ಮರದ ಒಡಲಿಗೆ ಕಟ್ಟಿ ಏರ್ ಕ್ಯಾಂಪರ್ ಎಂಬ ಎರಡು ಆಸನಗಳ ವಿಮಾನವನ್ನು ಹಾರಿಸಿದ. 1930ರ ದಶಕದ ಆರಂಭದಲ್ಲಿ ಅಚ್ಚಾದ ಆ ನಕ್ಷೆಗಳಿಂದ ಇಂದಿಗೂ ವಿಮಾನಗಳು ಹುಟ್ಟುತ್ತಿವೆ.

ಯೂರೋಪಿನಲ್ಲಿ ಈ ಹಂಬಲಕ್ಕೆ ಒಂದು ಚಳವಳಿಯ ಕಾವು ತಂದವನು ಫ್ರಾನ್ಸಿನ ಆನ್ರಿ ಮಿನ್ಯೆ. ಪೂ-ದ್ಯು-ಸಿಯೆಲ್, ಎಂದರೆ ಆಕಾಶದ ಹೇನು, ಎಂದು ಅವನು ಹೆಸರಿಟ್ಟ ವಿಮಾನ 1933ರಲ್ಲಿ ಹಾರಿತು. ಅದನ್ನು ಕಟ್ಟುವ ಮತ್ತು ಹಾರಿಸುವ ಬಗೆಯನ್ನು ವಿವರಿಸಿ ಮರುವರ್ಷ ಅವನು ಹೊರತಂದ ಪುಸ್ತಕ 1935ರಲ್ಲಿ ಇಂಗ್ಲಿಷಿಗೂ ಬಂದಿತು. ಇಂಗ್ಲಿಷರು ಹೇನನ್ನು ಚಿಗಟವಾಗಿಸಿ ಫ್ಲೈಯಿಂಗ್ ಫ್ಲೀ ಎಂದು ಕರೆದರು. ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂಬ ಭರವಸೆ ಮಿನ್ಯೆಯ ಬೋಧನೆಯ ಬುನಾದಿ. ಸಾಮಾನ್ಯ ವಿಮಾನದಲ್ಲಿ ಕೈಯಿಂದ ಆಡಿಸುವ ಕೋಲಿನ ಜೊತೆಗೆ ಕಾಲಿನಿಂದ ಒತ್ತುವ ಪೆಡಲುಗಳೂ ಇರುತ್ತವೆ. ಕೈಕಾಲುಗಳನ್ನು ಒಟ್ಟಿಗೆ ದುಡಿಸುವ ಈ ಕೌಶಲವೇ ಸಾಮಾನ್ಯನಿಗೆ ಅಡ್ಡಗೋಡೆಯೆಂದು ತಿಳಿದ ಮಿನ್ಯೆ ಪೆಡಲುಗಳನ್ನು ತೆಗೆದುಹಾಕಿದ. ಒಂದರ ಹಿಂದೆ ಇನ್ನೊಂದರಂತೆ ಎರಡು ರೆಕ್ಕೆಗಳಿದ್ದ ಆ ಯಂತ್ರದಲ್ಲಿ ಕೋಲನ್ನು ಹಿಂದೆಳೆದರೆ ಮುಂದಿನ ರೆಕ್ಕೆಯೇ ಇಡಿಯಾಗಿ ವಾಲಿ ವಿಮಾನ ಮೇಲೇಳುತ್ತಿತ್ತು, ಪಕ್ಕಕ್ಕೆ ಒತ್ತಿದರೆ ಬಾಲದ ಚುಕ್ಕಾಣಿ ತಿರುಗುತ್ತಿತ್ತು.

ಫ್ರಾನ್ಸ್ ಮತ್ತು ಬ್ರಿಟನ್ನುಗಳಲ್ಲಿ ನೂರಾರು ಜನ ಷೆಡ್ಡುಗಳಲ್ಲಿ, ಕೊಟ್ಟಿಗೆಗಳಲ್ಲಿ, ವಾಸದ ಕೋಣೆಗಳಲ್ಲಿ ಈ ವಿಮಾನವನ್ನು ಕಟ್ಟತೊಡಗಿದರು. ಸಾವುಗಳು ಬೇಗನೆ ಬಂದವು. ಮೂತಿ ಕೆಳಗಾಗಿ ಇಳಿಯತೊಡಗಿದ ವಿಮಾನ ಮತ್ತೆ ಮೇಲೇಳದೆ ನೆಲಕ್ಕೆ ಅಪ್ಪಳಿಸಿದ ಪ್ರಕರಣಗಳು ಮರುಕಳಿಸಿದಾಗ ಬ್ರಿಟನ್ನಿನ ಫಾರ್ನ್‌ಬರೋ ಮತ್ತು ಫ್ರಾನ್ಸಿನ ಶಾಲೆ-ಮ್ಯೂದೊಂಗಳಲ್ಲಿ ಪೂರ್ಣಗಾತ್ರದ ವಿಮಾನವನ್ನೇ ಗಾಳಿಸುರಂಗದೊಳಗೆ, ಎಂದರೆ ದೊಡ್ಡ ಫ್ಯಾನಿನಿಂದ ಗಾಳಿ ಹಾಯಿಸಿ ಹಾರಾಟದ ಸ್ಥಿತಿಯನ್ನು ನಿರ್ಮಿಸುವ ಕೊಳವೆಯೊಳಗೆ, ನಿಲ್ಲಿಸಿ ಪರೀಕ್ಷಿಸಲಾಯಿತು. ತಿಳಿದುಬಂದದ್ದು ಎದೆ ನಡುಗಿಸುವಂಥದು: ಮೂತಿ ಒಂದು ಮಿತಿಗಿಂತ ಕೆಳಗಾದಾಗ ಚಾಲಕ ಕೋಲನ್ನು ಹಿಂದೆಳೆದಷ್ಟೂ ಮುಂದಿನ ರೆಕ್ಕೆಯ ಹಿಂಬದಿಯ ಅಂಚು ಹಿಂದಿನ ರೆಕ್ಕೆಗೆ ಹತ್ತಿರವಾಗಿ, ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನೇ ಹೆಚ್ಚು ಎತ್ತುತ್ತಿದ್ದುದರಿಂದ ಮೂತಿ ಇನ್ನಷ್ಟು ಕೆಳಗಿಳಿಯುತ್ತಿತ್ತು, ಬದುಕಿಸಬೇಕಾದ ಚಲನೆಯೇ ಕೊಲ್ಲುತ್ತಿತ್ತು. ಬ್ರಿಟನ್ ಈ ವಿಮಾನಕ್ಕೆ ಅನುಮತಿ ನೀಡುವುದನ್ನು ನಿಲ್ಲಿಸಿತು. ಇಲ್ಲಿ ಸೋತದ್ದು ಕಟ್ಟಿದವರ ಕೈಗೆಲಸವಲ್ಲ. ನಕ್ಷೆಯನ್ನು ಚಾಚೂ ತಪ್ಪದೆ ಪಾಲಿಸಿದವನನ್ನೂ ಆ ನಕ್ಷೆಯೇ ಕೈಬಿಡಬಹುದೆಂಬುದನ್ನು ಈ ಘಟನಾವಳಿ ಮೊದಲ ಬಾರಿಗೆ ವ್ಯಾಪಕವಾಗಿ ತೋರಿಸಿಕೊಟ್ಟಿತು. ಮಿನ್ಯೆ ತನ್ನ ವಿನ್ಯಾಸವನ್ನು ತಿದ್ದಿದನಾದರೂ ಕಳೆದುಹೋದ ನಂಬಿಕೆ ಪೂರ್ತಿಯಾಗಿ ಮರಳಲಿಲ್ಲ.

ಅಮೆರಿಕದಲ್ಲಿ ಅಡ್ಡಿ ಬಂದದ್ದು ಕಾನೂನಿನ ಕಡೆಯಿಂದ. 1926ರ ವಾಯು ವಾಣಿಜ್ಯ ಕಾಯಿದೆಯ ನಂತರ ಒಂದೊಂದೇ ರಾಜ್ಯ ಕೇಂದ್ರ ಸರ್ಕಾರದ ಪರವಾನಗಿಯಿಲ್ಲದ ವಿಮಾನಗಳನ್ನು ನಿಷೇಧಿಸುತ್ತ ಬಂದಿತು. ಕಾರ್ಖಾನೆಗಳಿಗೆಂದು ರೂಪಿಸಿದ ದುಬಾರಿ ಪರೀಕ್ಷೆಗಳನ್ನು ಷೆಡ್ಡಿನ ನಿರ್ಮಾಪಕ ದಾಟುವಂತಿರಲಿಲ್ಲ. ತನ್ನದೇ ರಾಜ್ಯ ಪರವಾನಗಿಯ ವ್ಯವಸ್ಥೆಯನ್ನು ಉಳಿಸಿಕೊಂಡ ಆರೆಗನ್ ಮಾತ್ರ ಈ ಹವ್ಯಾಸಕ್ಕೆ ಆಸರೆಯಾಯಿತು. ಅಲ್ಲಿನ ಕಾರ್ನೀಲಿಯಸ್ ಊರಿನ ಲೆಸ್ ಲಾಂಗ್ ತನ್ನ ವಿನ್ಯಾಸಗಳಿಂದಲೂ ಲೇಖನಗಳಿಂದಲೂ ಒಂದು ತಲೆಮಾರನ್ನು ಬೆಳೆಸಿದ. ಅದೇ ರಾಜ್ಯದ ಬೀವರ್ಟನ್ ಸುತ್ತಮುತ್ತಲ ನಿರ್ಮಾಪಕರು ತಮ್ಮನ್ನು ಕಾನೂನುಬಾಹಿರರೆಂದು ಹೆಮ್ಮೆಯಿಂದಲೇ ಕರೆದುಕೊಂಡರು. ಅವರಲ್ಲೊಬ್ಬನಾದ ಜಾರ್ಜ್ ಬೊಗಾರ್ಡಸ್ 1947ರಲ್ಲಿ ಲಿಟಲ್ ಜೀ ಬೀ ಎಂಬ ತನ್ನ ಒಂಟಿ ಆಸನದ ವಿಮಾನದಲ್ಲಿ ಖಂಡದ ಪಶ್ಚಿಮದ ಅಂಚಿನಿಂದ ರಾಜಧಾನಿ ವಾಷಿಂಗ್ಟನ್ನಿಗೆ ಹಾರಿ, ಅಧಿಕಾರಿಗಳ ಮುಂದೆ ತನ್ನ ವಾದವನ್ನಿಟ್ಟ. ಮನೆಯಲ್ಲಿ ಕಟ್ಟಿದ ವಿಮಾನ ನಂಬಲರ್ಹವೆಂಬುದಕ್ಕೆ ಅಷ್ಟು ದೂರ ಹಾರಿ ಬಂದ ಆ ವಿಮಾನಕ್ಕಿಂತ ಬೇರೆ ದಾಖಲೆ ಬೇಕಿರಲಿಲ್ಲ. ಇಂಥ ಒತ್ತಾಯಗಳ ಫಲವಾಗಿ 1950ರ ದಶಕದ ಆರಂಭದ ಹೊತ್ತಿಗೆ ಪ್ರಾಯೋಗಿಕ ವಿಮಾನಗಳ ವರ್ಗದೊಳಗೆ ಹವ್ಯಾಸಿ ನಿರ್ಮಿತ ವಿಮಾನಗಳಿಗೆಂದು ಕಾಯಂ ಸ್ಥಾನ ದೊರಕಿತು. ಲಿಟಲ್ ಜೀ ಬೀ ಈಗ ಅಮೆರಿಕದ ರಾಷ್ಟ್ರೀಯ ವಾಯು ಮತ್ತು ಅಂತರಿಕ್ಷ ಸಂಗ್ರಹಾಲಯದ ಸೊತ್ತು.

ಹವ್ಯಾಸಿ ನಿರ್ಮಿತ ವಿಮಾನಗಳಿಗೆ ಈ ಸ್ಥಾನ ಕೊಟ್ಟ ನಿಯಮದ ಮಾತುಗಳನ್ನು ನಿಧಾನವಾಗಿ ಓದಬೇಕು. ವಿಮಾನದ ಹೆಚ್ಚಿನ ಭಾಗವನ್ನು ನಿರ್ಮಾಪಕರು ಕೇವಲ ತಮ್ಮ ಸ್ವಂತ ಕಲಿಕೆ ಅಥವಾ ಮನರಂಜನೆಗಾಗಿ ಕಟ್ಟಿರಬೇಕೆಂಬುದು ಅದರ ಷರತ್ತು. ಹೆಚ್ಚಿನ ಭಾಗವೆಂದರೆ ಅರ್ಧಕ್ಕಿಂತ ಮಿಗಿಲು ಎಂಬ ಅರ್ಥದಲ್ಲಿ ಇದನ್ನು ಶೇಕಡಾ 51ರ ನಿಯಮವೆಂದು ವಾಡಿಕೆಯಲ್ಲಿ ಕರೆಯುತ್ತಾರೆ. ಯಂತ್ರವೊಂದರ ಯೋಗ್ಯತೆಯನ್ನು ಅಳೆಯಬೇಕಾದ ಕಾನೂನು ಇಲ್ಲಿ ಯಂತ್ರವನ್ನು ಕಟ್ಟಿದವನ ಉದ್ದೇಶವನ್ನು ಕೇಳುತ್ತದೆ, ಅದೂ ಅವನು ಕಲಿಯಲೆಂದೋ ಮನರಂಜನೆಗೆಂದೋ ಕಟ್ಟಿದನೇ ಎಂದು ಕೇಳುತ್ತದೆ. ಕಲಿಕೆಗೆ ಸಿಕ್ಕ ಈ ಕಾನೂನುಬದ್ಧ ಮನ್ನಣೆಗೆ ಪ್ರತಿಯಾಗಿ ಹೊಣೆಯೂ ಬಂದಿತು: ಪ್ರಾಯೋಗಿಕ ಎಂಬ ಪದವನ್ನು ಕನಿಷ್ಠ 2 ಅಂಗುಲ ಎತ್ತರದ ಅಕ್ಷರಗಳಲ್ಲಿ ವಿಮಾನದ ಮೇಲೆ ಬರೆಯಬೇಕು, ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆಗಳನ್ನು ಗೊತ್ತುಪಡಿಸಿದ ವಲಯದೊಳಗೆ ಪರೀಕ್ಷಾರ್ಥವಾಗಿ ಹಾರಿಸಬೇಕು. ಕಟ್ಟಿದವನು ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಪ್ರಮಾಣಪತ್ರಕ್ಕೆ ಅರ್ಹನಾಗುತ್ತಾನೆ. ಆ ವಿಮಾನವನ್ನು ಮುಂದೆ ಕೊಳ್ಳುವವನಿಗೆ ಆ ಪ್ರಮಾಣಪತ್ರ ದಾಟುವುದಿಲ್ಲ.

1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬ ಸೈನಿಕ ಪೈಲಟ್ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀಯಲ್ಲಿ ಪ್ರಾಯೋಗಿಕ ವಿಮಾನ ಸಂಘವನ್ನು ಕಟ್ಟಿದ. ಅದರ ಮೊದಲ ಕಚೇರಿ ಅವನ ಮನೆಯ ನೆಲಮಾಳಿಗೆ. 1955ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬೇಬಿ ಏಸ್ ವಿಮಾನವನ್ನು ಎಂಜಿನ್ ಸಹಿತ 800 ಡಾಲರುಗಳೊಳಗೆ ಕಟ್ಟಬಹುದೆಂದು ಅವನು ಬರೆದ ಲೇಖನಮಾಲೆ ಸಂಘಕ್ಕೆ ಸದಸ್ಯರ ಹೊಳೆಯನ್ನೇ ಹರಿಸಿತು. 1970ರಿಂದ ಆಷ್‌ಕಾಷ್ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ಅದರ ಮೇಳ ಹವ್ಯಾಸಿ ನಿರ್ಮಾಪಕರ ಜಾತ್ರೆಯೇ ಸರಿ.

ಮರ ಮತ್ತು ಬಟ್ಟೆಗಳ ಕಾಲ ಹಿಂದೆ ಸರಿದು ಅಲ್ಯೂಮಿನಿಯಮ್ ತಗಡಿನ ಕಾಲ ಬಂದಾಗ ಮನೆಯ ಕೆಲಸದ ಸ್ವರೂಪವೇ ಬದಲಾಯಿತು. ಇದಕ್ಕೆ ಮಾದರಿಯೆಂದರೆ ಆರೆಗನ್ನಿನವನೇ ಆದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1970ರ ದಶಕದ ಆರಂಭದಲ್ಲಿ ಆರ್‌ವಿ-3 ವಿಮಾನದಿಂದ ಮೊದಲಿಟ್ಟ ಸರಣಿ. ಹಾರಾಟ ಕಂಡ ಆರ್‌ವಿಗಳ ಸಂಖ್ಯೆ ಈಗ 10,000ವನ್ನು ಮೀರಿದೆ. ರೆಕ್ಕೆಯ ಉದ್ದಕ್ಕೂ ಹಾಯುವ ಸ್ಪಾರ್ ಎಂಬ ತೊಲೆಗೆ ಪಕ್ಕೆಲುಬಿನಂಥ ರಿಬ್ಬುಗಳನ್ನು ಜೋಡಿಸಿ, ಅವುಗಳ ಮೇಲೆ ತಗಡನ್ನು ಹೊದಿಸಿ, ರಿವೆಟ್ ಎಂಬ ಮೃದುಲೋಹದ ಗುಬ್ಬಿಮೊಳೆಗಳಿಂದ ಬಿಗಿಯುವುದು ಇದರ ಕ್ರಮ. ಕೊರೆದ ಪ್ರತಿ ತೂತಿನ ಅಂಚಿನ ಗರುಕನ್ನು ಎರಡೂ ಬದಿಯಲ್ಲಿ ಸವರಿ ತೆಗೆಯಬೇಕು, ಉಳಿದರೆ ಬಿರುಕು ಅಲ್ಲಿಂದಲೇ ಹುಟ್ಟೀತು. ಕ್ಲೀಕೊ ಎಂಬ ಸ್ಪ್ರಿಂಗ್ ಹಿಡಿಕೆಗಳಿಂದ ತಗಡನ್ನು ತಾತ್ಕಾಲಿಕವಾಗಿ ಹಿಡಿದಿಟ್ಟು, ಒಬ್ಬರು ಹೊರಗಿನಿಂದ ಗಾಳಿಯ ಒತ್ತಡದಲ್ಲಿ ಬಡಿಯುವ ರಿವೆಟ್ ಗನ್ನನ್ನು ರಿವೆಟ್ಟಿನ ತಲೆಯ ಮೇಲಿಟ್ಟರೆ, ಮತ್ತೊಬ್ಬರು ಕಣ್ಣಿಗೆ ಕಾಣದ ಒಳಬದಿಯಲ್ಲಿ ತೋಳು ತೂರಿಸಿ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಅದರ ಬಾಲಕ್ಕೆ ಒತ್ತಿ ಹಿಡಿಯುತ್ತಾರೆ. ಎರಡು ಕ್ಷಣದ ಬಡಿತದಲ್ಲಿ ಬಾಲ ಚಪ್ಪಟೆಯಾಗಿ, ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಅಗಲಕ್ಕೂ ಅರ್ಧದಷ್ಟು ಎತ್ತರಕ್ಕೂ ಬರಬೇಕು. ಓರೆಯಾದರೆ ತೂತು ದೊಡ್ಡದಾಗದಂತೆ ಅದನ್ನು ಕೊರೆದು ಕಿತ್ತು ಮತ್ತೊಂದನ್ನು ಹೊಡೆಯಬೇಕು. ಒಂದು ವಿಮಾನದಲ್ಲಿ ಇಂಥ ಸಾವಿರಾರು ರಿವೆಟ್ಟುಗಳಿರುತ್ತವೆ. ಗಂಡ ಹೆಂಡತಿ, ತಾಯಿ ಮಗ ಹೀಗೆ ಎದುರುಬದುರು ನಿಂತು ವರ್ಷಗಟ್ಟಲೆ ಸಂಜೆಗಳನ್ನು ಕಳೆಯುವ ಈ ಕೆಲಸದಲ್ಲಿ ನಿಯಮ ಹೇಳುವ ಕಲಿಕೆ ಮೈಗೂಡುತ್ತದೆ.

ಇದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ಬರ್ಟ್ ರುಟಾನ್ ಲೋಹವನ್ನೇ ಕೈಬಿಟ್ಟ. 1975ರಲ್ಲಿ ಹಾರಿದ ವ್ಯಾರಿಈಝಿ ಮತ್ತು 1979ರಲ್ಲಿ ಹಾರಿದ ಲಾಂಗ್-ಈಝಿ ವಿಮಾನಗಳ ಮೂತಿಯಲ್ಲಿ ಕೆನಾರ್ಡ್ ಎಂಬ ಪುಟ್ಟ ಮುಂರೆಕ್ಕೆಯೂ, ಹಿಂಬದಿಯಲ್ಲಿ ಎಂಜಿನ್ನೂ ಇದ್ದವು. ಹಗುರ ಫೋಮಿನ ದಿಮ್ಮಿಯ ಎರಡು ತುದಿಗಳಿಗೆ ರೆಕ್ಕೆಯ ಆಕಾರದ ಅಚ್ಚುಹಲಗೆಗಳನ್ನು ಹಚ್ಚಿ, ವಿದ್ಯುತ್ತಿನಿಂದ ಕಾಯಿಸಿದ ತಂತಿಯ ಎರಡು ತುದಿಗಳನ್ನು ಇಬ್ಬರು ಹಿಡಿದು, ಹಲಗೆಯ ಮೇಲೆ ಗುರುತಿಸಿದ ಅಂಕಿಗಳನ್ನು ಗಟ್ಟಿಯಾಗಿ ಕೂಗಿಕೊಳ್ಳುತ್ತ ಒಂದೇ ವೇಗದಲ್ಲಿ ಸಾಗಿದರೆ ಬೆಣ್ಣೆ ಕೊಯ್ದಂತೆ ರೆಕ್ಕೆ ಹೊರಬರುತ್ತದೆ. ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಪದರಪದರವಾಗಿ ಹೊದಿಸಬೇಕು. ರುಟಾನ್ ಈ ವಿಮಾನಗಳಿಗೆ ಮಾರಿದ್ದು ಮುಖ್ಯವಾಗಿ ನಕ್ಷೆ ಮತ್ತು ವಿವರಣೆ. 1985ರಲ್ಲಿ ಅದನ್ನೂ ನಿಲ್ಲಿಸಿದ. ನಕ್ಷೆಯಿಂದ ಸರಿಯುವುದರ ಬೆಲೆ ಏನೆಂಬುದಕ್ಕೆ ಲಾಂಗ್-ಈಝಿಯ ಚರಿತ್ರೆಯಲ್ಲೇ ಒಂದು ದುಃಖದ ನಿದರ್ಶನವಿದೆ: ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಮಾಂಟೆರೆ ಕೊಲ್ಲಿಯಲ್ಲಿ ತೀರಿಕೊಂಡಾಗ ಹಾರಿಸುತ್ತಿದ್ದ, ಬೇರೊಬ್ಬರು ಕಟ್ಟಿದ್ದ ವಿಮಾನದಲ್ಲಿ ಇಂಧನದ ಟ್ಯಾಂಕನ್ನು ಬದಲಿಸುವ ಕವಾಟ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಚಾಲಕನ ಎಡಭುಜದ ಹಿಂದಕ್ಕೆ ಹೋಗಿತ್ತು, ಅದನ್ನು ಮುಟ್ಟಲು ಮೈ ತಿರುಗಿಸಬೇಕಿತ್ತು.

ಗೃಹನಿರ್ಮಿತ ವಿಮಾನದೊಂದಿಗೆ ಬೆಂಗಳೂರಿನ ನಂಟು ಹುಟ್ಟಿದ್ದು ಇದೇ ಲಾಂಗ್-ಈಝಿಯಿಂದ. 1980ರ ದಶಕದಲ್ಲಿ ನಗರದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಎಂದರೆ ಎನ್‌ಎಎಲ್, ಲಾಂಗ್-ಈಝಿಯನ್ನು ಆಧರಿಸಿ ಹಗುರ ಕೆನಾರ್ಡ್ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಅದೇ ಸಂಸ್ಥೆಯಲ್ಲಿ ಪೂರ್ಣವಾಗಿ ನಾರು ಮತ್ತು ಅಂಟು ಬೆರೆತ ಸಂಯುಕ್ತ ವಸ್ತುವಿನಿಂದಲೇ ರೂಪುಗೊಂಡ ಹಂಸ ತರಬೇತಿ ವಿಮಾನ 1993ರಲ್ಲಿ ಹಾರಿತು. ಮನೆಯ ಗ್ಯಾರೇಜಿಗೆಂದು ಹುಟ್ಟಿದ ವಿನ್ಯಾಸ ಒಂದು ದೇಶದ ಪ್ರಯೋಗಾಲಯಕ್ಕೆ ಪಾಠವಾದದ್ದು ಗೌರವದಿಂದ ನೆನೆಯಬೇಕಾದ ಸಂಗತಿ. ಆದರೆ ಭಾರತದಲ್ಲಿ ವ್ಯಕ್ತಿಯೊಬ್ಬ ತನ್ನ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ದಾರಿ ಬಹುಕಾಲ ಇಕ್ಕಟ್ಟಾಗಿಯೇ ಇತ್ತು. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಆಸನಗಳ ವಿಮಾನಕ್ಕೆ ವರ್ಷಗಳ ಓಡಾಟದ ನಂತರ 2017ರಲ್ಲಿ ನೋಂದಣಿ ದೊರೆಯಿತು.

ಹಾಗಿದ್ದೂ ಕಿಟ್ ವಿಮಾನದ ಹೊರದೇಶದ ಮಾರುಕಟ್ಟೆಯಲ್ಲಿ ಬೆಂಗಳೂರಿಗೆ ತನ್ನದೇ ಪಾಲಿದೆ. ಜೋಯೆಲ್ ಕೋಶ್ಲಾಂ ಎಂಬ ಫ್ರೆಂಚ್ ಮೂಲದ ವಿನ್ಯಾಸಕಾರ ಇಲ್ಲಿ ಸ್ಥಾಪಿಸಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯು ಎಕ್ಸ್-ಏರ್ ಎಂಬ ಎರಡು ಆಸನಗಳ ಅತಿ ಹಗುರ ವಿಮಾನದ ಕಿಟ್ಟುಗಳನ್ನು ಫ್ರಾನ್ಸ್, ಬ್ರಿಟನ್ ಮೊದಲಾದ ದೇಶಗಳಿಗೆ ಕಳಿಸಿತು. ಅದರ ಮುಂದಿನ ಒಂದು ಮಾದರಿಯ ಹೆಸರು ಹನುಮಾನ್. ಅಲ್ಯೂಮಿನಿಯಮ್ ಕೊಳವೆಗಳನ್ನು ಬೋಲ್ಟುಗಳಿಂದ ಬಿಗಿದು, ಹೊಲಿದು ಸಿದ್ಧಪಡಿಸಿದ ಬಟ್ಟೆಯನ್ನು ದಿಂಬಿಗೆ ಕವರು ತೊಡಿಸಿದಂತೆ ರೆಕ್ಕೆಗೆ ಎಳೆದು ಬಿಗಿಯುವುದೇ ಅದನ್ನು ಕಟ್ಟುವ ಬಗೆ. ಆಕಾಶದ ಹೇನನ್ನು ಒಮ್ಮೆ ನೆಲಕ್ಕಿಳಿಸಿದ ಬ್ರಿಟನ್ನಿನಲ್ಲಿ, ಬೆಂಗಳೂರಿನ ಪೆಟ್ಟಿಗೆಗಳನ್ನು ಬಿಚ್ಚಿ, ಸೂಚನಾಪುಸ್ತಕದ ಪುಟಗಳನ್ನು ತಿರುವುತ್ತ, ಹಂತಹಂತಕ್ಕೂ ತಪಾಸಕನ ರುಜು ಪಡೆಯುತ್ತ ಹವ್ಯಾಸಿಗಳು ಅದನ್ನು ಜೋಡಿಸಿ ಹಾರಿಸಿದರು.