ರೈಲಿಗಾಗಿ ಕಟ್ಟಿದ ಹೋಟೆಲ್: ಲಾ ಪೊಸಾಡಾ

ಹಳೇ ಕಟ್ಟಡಗಳ ಸರಣಿ, ಭಾಗ 4. ಈ ಸಲ ಅಮೆರಿಕದ ಅರಿಜೋನಾ ರಾಜ್ಯದ ವಿನ್ಸ್‌ಲೋ ಅನ್ನೋ ಸಣ್ಣ ಊರಿಗೆ ಹೋಗೋಣ.

ಹೋಟೆಲ್‌ಗಿಂತ ಮೊದಲು ಊಟದ ಕಥೆ. 1870ರ ದಶಕದಲ್ಲಿ ಅಲ್ಲಿ ರೈಲಲ್ಲಿ ದೂರ ಹೋಗೋರಿಗೆ ಊಟಾನೇ ದೊಡ್ಡ ತಲೆನೋವು. ಬಹಳಷ್ಟು ರೈಲುಗಳಲ್ಲಿ ಊಟದ ಬೋಗಿಯೇ ಇರಲಿಲ್ಲ. ನಿಂತ ಕಡೆ ಇಳಿದು, ಮೊದಲೇ ದುಡ್ಡು ಕೊಟ್ಟು ಕೂತರೆ, ಎಷ್ಟೋ ಸಲ ತಟ್ಟೆ ಬರೋ ಹೊತ್ತಿಗೆ ರೈಲು ಕೂಗಿಬಿಡೋದು. ದುಡ್ಡೂ ಹೋಯ್ತು, ಊಟಾನೂ ಹೋಯ್ತು.

ಈ ಗೋಳಲ್ಲೇ ಬಿಸಿನೆಸ್ ಕಂಡವನು ಫ್ರೆಡ್ ಹಾರ್ವೆ. ಇಂಗ್ಲೆಂಡಿನಿಂದ ಹೋಗಿ, ನ್ಯೂಯಾರ್ಕ್‌ನಲ್ಲಿ ಪಾತ್ರೆ ತೊಳೆಯೋ ಕೆಲಸದಿಂದ ಶುರು ಮಾಡಿದ ಆಸಾಮಿ. 1876ರಲ್ಲಿ ಸಾಂತಾ ಫೆ ರೈಲ್ವೆಯ ಟೊಪೀಕಾ ಸ್ಟೇಷನ್ನಿನಲ್ಲಿ ಊಟದ ಕೋಣೆ ನಡೆಸೋಕೆ ಶುರು ಮಾಡಿದ. ಆಮೇಲೆ ಆ ದಾರಿಯುದ್ದಕ್ಕೂ ಅವನ ಹೋಟೆಲ್‌ಗಳು ಬಂದವು. ರೈಲು ಓಡ್ತಿರುವಾಗಲೇ ಊಟಕ್ಕೆ ಎಷ್ಟು ಜನ ಅಂತ ಕೇಳಿ ಮುಂದಿನ ಸ್ಟೇಷನ್ನಿಗೆ ಟೆಲಿಗ್ರಾಂ ಹೊಡೆಯೋರು. ಅರ್ಧ ಗಂಟೆಯೊಳಗೆ ಎಲ್ಲರ ಊಟ ಮುಗೀಬೇಕು. ಸಾಮಾನೆಲ್ಲ ರೈಲ್ವೆಯೇ ಪುಕ್ಕಟೆ ಸಾಗಿಸ್ತಿತ್ತು. ಬಿಕಾಂ ಗೆಳೆಯರೇ, ಸಾಗಾಟದ ಖರ್ಚು ಸೊನ್ನೆ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ!

1883ರಿಂದ ಬಡಿಸೋಕೆ ‘ಹಾರ್ವೆ ಗರ್ಲ್ಸ್’ ಬಂದರು. ವಯಸ್ಸು 18ರಿಂದ 30, ಮದುವೆ ಆಗಿರಬಾರದು. ತಿಂಗಳಿಗೆ 17.50 ಡಾಲರ್, ಜೊತೆಗೆ ಊಟ, ವಸತಿ, ಟಿಪ್ಸ್. ರಾತ್ರಿ ಇಷ್ಟು ಗಂಟೆಯೊಳಗೆ ರೂಮಿಗೆ ಬರಬೇಕು ಅನ್ನೋ ರೂಲ್ ಬೇರೆ (ಹಾಸ್ಟೆಲ್‌ನವರಿಗೆ ಅರ್ಥ ಆಗುತ್ತೆ). ಮೊದಮೊದಲು ಈ ಕೆಲಸ ಹೆಚ್ಚುಕಡಿಮೆ ಬಿಳಿಯರಿಗೇ ಮೀಸಲು, ಅದನ್ನೂ ಮರೆಯೋ ಹಾಗಿಲ್ಲ. ಆದ್ರೂ ನಮ್ಮ ವಯಸ್ಸಿನ ಹುಡುಗಿಯರು ಆ ಕಾಲದಲ್ಲಿ ಒಬ್ಬೊಬ್ಬರೇ ರೈಲು ಹತ್ತಿ, ದೂರದೂರಲ್ಲಿ ದುಡಿದು ಸ್ವಂತ ಸಂಬಳ ಎಣಿಸಿದ್ದು ನನಗಂತೂ ಹಾರ್ವೆಯ ಲಾಭಕ್ಕಿಂತ ದೊಡ್ಡ ವಿಷಯ.

ಹಾರ್ವೆ 1901ರಲ್ಲಿ ತೀರಿಕೊಂಡ, ಕಂಪನಿ ನಡೀತು. ವಿನ್ಸ್‌ಲೋದ ಲಾ ಪೊಸಾಡಾ ತೆರೆದಿದ್ದು 1930ರ ಮೇನಲ್ಲಿ. ವಾಲ್ ಸ್ಟ್ರೀಟ್ ಕುಸಿದು ಏಳು ತಿಂಗಳೂ ಆಗಿರಲಿಲ್ಲ, ಟೈಮಿಂಗ್ ನೋಡಿ! ವಿನ್ಯಾಸ ಮೇರಿ ಕೋಲ್ಟರ್ ಅವರದು. ಹೆಣ್ಣುಮಕ್ಕಳು ಈ ಕೆಲಸದಲ್ಲಿ ತೀರಾ ಅಪರೂಪವಾಗಿದ್ದ ಕಾಲ. ಶ್ರೀಮಂತ ಸ್ಪ್ಯಾನಿಷ್ ಮನೆತನವೊಂದರ ಹಳೇ ಬಂಗಲೆ ಇದು ಅಂತ ತಾವೇ ಕಥೆ ಕಟ್ಟಿಕೊಂಡು, ಅದಕ್ಕೆ ತಕ್ಕಂತೆ ತೋಟ, ಪೀಠೋಪಕರಣ ಎಲ್ಲ ಮಾಡಿಸಿದರು.

ಆಮೇಲೆ ಕಾರು, ವಿಮಾನ ಬಂದವು, ರೈಲಿನ ಜನ ಕಮ್ಮಿಯಾದರು. 1957ರಲ್ಲಿ ಹೋಟೆಲ್ ಮುಚ್ಚಿತು. ಮರುವರ್ಷ ಜನವರಿಯಲ್ಲಿ ಕೋಲ್ಟರ್ ತೀರಿಕೊಂಡರು. ಅವರು ಆರಿಸಿದ್ದ ಸಾಮಾನುಗಳು ಹರಾಜಾದವು, ಕೋಣೆಗಳು ರೈಲ್ವೆ ಆಫೀಸಾದವು.

1997ರಲ್ಲಿ ಅಲನ್ ಆಫೆಲ್ಟ್ ಇದನ್ನು ಕೊಂಡು, ಕಲಾವಿದೆ ಪತ್ನಿ ಟೀನಾ ಮಿಯಾನ್ ಜೊತೆ ವರ್ಷಗಟ್ಟಲೆ ದುರಸ್ತಿ ಮಾಡಿಸಿ ಮತ್ತೆ ಹೋಟೆಲ್ ಮಾಡಿದರು. ಕಟ್ಟಡದ ಮೂಲ ಮುಂಬಾಗಿಲು ಇರೋದು ಹಳಿಯ ಕಡೆಗೆ. ಷಿಕಾಗೋ–ಲಾಸ್ ಏಂಜಲೀಸ್ ರೈಲು ಈಗಲೂ ಅಲ್ಲಿ ನಿಲ್ಲುತ್ತೆ. ಕಾರಲ್ಲಿ ಬರೋರು ಒಳಗೆ ಹೋಗೋದು ಹಿಂಬದಿಯಿಂದ.